ಕೇಳುವ ಕೆಲಸಕ್ಕೂ ಒಂದು ಹುದ್ದೆ ಕೊಡಿ

ಕ್ಯಾನ್ಸರ್ ಆಸ್ಪತ್ರೆಗಳನ್ನು ನಡೆಸುವವರಿಗೆ, ನರ್ಸಿಂಗ್ ಕಾಲೇಜುಗಳ ಮುಖ್ಯಸ್ಥರಿಗೆ, ಸಂಶೋಧನೆಗೆ ಹಣ ಹಂಚುವ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಿಮೊಥೆರಪಿ ವಾರ್ಡಿನಲ್ಲಿ ನಾನು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ಆಯಿತು. ಕೊನೆಯ ಏಳು ವರ್ಷದಿಂದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡುತ್ತಿದ್ದೇನೆ. "ಹೇಗಿದ್ದೀರಿ?" ಅಂತ ಇಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ ಗೊತ್ತಿಲ್ಲ. ಉತ್ತರ ಮಾತ್ರ ಹೆಚ್ಚುಕಡಿಮೆ ಯಾವಾಗಲೂ ಒಂದೇ. "ಪರವಾಗಿಲ್ಲ ಸಿಸ್ಟರ್."

ಒಂದು ಬೆಳಿಗ್ಗೆಯ ವಿಷಯ ಹೇಳುತ್ತೇನೆ. ಹದಿನೈದು ದಿನಕ್ಕೊಮ್ಮೆ ಕಿಮೊಗೆ ಬರುತ್ತಿದ್ದ ಒಬ್ಬ ಹಿರಿಯರು ಮೂರನೇ ಸಲಕ್ಕೆ ಬಂದಿದ್ದರು. ಮಾತು ಕಡಿಮೆ. ನಾನು ಅವರ ಕೈಯಲ್ಲಿ ನರ ಹುಡುಕುತ್ತಾ ಅದೇ ಪ್ರಶ್ನೆ ಕೇಳಿದೆ. ಅವರೂ ಅದೇ ಉತ್ತರ ಕೊಟ್ಟರು. ಆದರೆ ಆ "ಪ" ಸರಿಯಾಗಿ ಹೊರಡಲಿಲ್ಲ. "ಪ" ಅನ್ನುವುದಕ್ಕೆ ಎರಡು ತುಟಿ ಕೂಡಬೇಕು. ಅವರು ತುಟಿ ಕೂಡಿಸುತ್ತಲೇ ಇರಲಿಲ್ಲ. ಟಾರ್ಚ್ ತಂದು ಬಾಯಿ ತೆಗೆಸಿದೆ. ಕೆಳತುಟಿಯ ಒಳಗೆ, ನಾಲಿಗೆಯ ಎರಡೂ ಅಂಚಿಗೆ ಹುಣ್ಣು. ನಾಲ್ಕು ದಿನದಿಂದ ಗಟ್ಟಿ ಆಹಾರ ಏನೂ ನುಂಗಿರಲಿಲ್ಲ. ನೀರು ಕುಡಿಯುವುದಕ್ಕೂ ಹೆದರುತ್ತಿದ್ದರು.

"ಯಾಕೆ ಹೇಳಲಿಲ್ಲ?" ಅಂದೆ.

"ನೀವು ಹೇಗಿದ್ದೀರಿ ಅಂತ ಕೇಳಿದ್ರಿ ಸಿಸ್ಟರ್. ಬಾಯಿ ಹೇಗಿದೆ ಅಂತ ಕೇಳಲಿಲ್ಲವಲ್ಲ" ಅಂದರು.

ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. ಆ ದಿನದ ಕಿಮೊ ಮುಂದಕ್ಕೆ ಹೋಯಿತು. ಹೋಗಲೇಬೇಕಿತ್ತು. ಕಿಮೊ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಬಾಯಿಯ ಒಳಪದರ ಅಂಥದ್ದು. ಬಿಳಿ ರಕ್ತಕಣ ತಯಾರಾಗುವ ಮೂಳೆಮಜ್ಜೆಯೂ ಅಂಥದ್ದೇ. ಔಷಧಿ ಕೊಟ್ಟು ಒಂದು ವಾರದಿಂದ ಎರಡು ವಾರದ ಒಳಗೆ ಎರಡೂ ಸೋಲುತ್ತವೆ. ಬಾಯಿ ಒಡೆದಿರುತ್ತದೆ, ಕಾವಲಿಗೆ ನಿಲ್ಲಬೇಕಾದ ಕಣಗಳೂ ಇರುವುದಿಲ್ಲ. ಸೋಂಕಿಗೆ ಬಾಗಿಲು ತೆರೆದಿಟ್ಟ ಹಾಗೆ. ಬಾಯಿಯ ಒಂದು ಹುಣ್ಣು ಜ್ವರವಾಗಿ, ಜ್ವರ ಐಸಿಯುವರೆಗೆ ಹೋದದ್ದನ್ನು ನಾನು ನೋಡಿದ್ದೇನೆ.

ಆ ಹಿರಿಯರ ಮಾತು ನನ್ನನ್ನು ಬಿಡಲಿಲ್ಲ. ಹೇಗೆ ಕೇಳಬೇಕು ಅನ್ನುವುದೇ ಒಂದು ವಿದ್ಯೆ, ಅದಕ್ಕಾಗಿ ಒಬ್ಬರು ಜೀವಮಾನ ಕೊಟ್ಟಿದ್ದಾರೆ ಅನ್ನುವುದು ಆಮೇಲೆ ಓದುವಾಗ ತಿಳಿಯಿತು. ಆ ವ್ಯಕ್ತಿಯ ಬಗ್ಗೆ ನಿಮಗೆ ಹೇಳಬೇಕು ಅಂತಲೇ ಈ ಪತ್ರ ಬರೆಯಲು ಕೂತೆ.

ಅವರ ಹೆಸರು ರೂತ್ ಮಕಾರ್ಕಲ್. ಅಮೆರಿಕದವರು, ನರ್ಸ್. 2019ರಲ್ಲಿ ತೀರಿಕೊಂಡರು. ಮೊದಲು ವಾಯುಪಡೆಯ ನರ್ಸ್ ಆಗಿದ್ದವರು ಆಮೇಲೆ ಓದಿಗೆ ಮರಳಿದರು. ಐಯೋವಾ ವಿಶ್ವವಿದ್ಯಾಲಯದಲ್ಲಿ ಅವರು ಪಿಎಚ್‌ಡಿ ಮಾಡಿದ್ದು ಸಮೂಹ ಸಂವಹನದಲ್ಲಿ. ನರ್ಸ್‌ಗೆ ಅದೆಲ್ಲ ಯಾಕೆ ಅನ್ನಿಸಬಹುದು. ಅವರ ಮೊದಮೊದಲ ಸಂಶೋಧನೆ ನೋಡಿದರೆ ಉತ್ತರ ಸಿಗುತ್ತದೆ. ತುಂಬಾ ಕಾಯಿಲೆಯಲ್ಲಿ ಮಲಗಿರುವವರ ಜೊತೆ ಮಾತಾಡುವಾಗ ನರ್ಸ್ ಅವರ ಕೈ ಮುಟ್ಟಿ ಮಾತಾಡಿದರೆ ಏನಾದರೂ ವ್ಯತ್ಯಾಸ ಆಗುತ್ತದಾ? ಇಷ್ಟೇ ಪ್ರಶ್ನೆ. ಒಂದು ಗುಂಪಿನವರ ಜೊತೆ ಮುಟ್ಟಿ ಮಾತಾಡಿದರು, ಇನ್ನೊಂದು ಗುಂಪಿನವರ ಜೊತೆ ಮುಟ್ಟದೆ ಮಾತಾಡಿದರು. ಮುಖಭಾವ ಗಮನಿಸಿದರು. ನರ್ಸ್ ಮುಟ್ಟಿ ಮಾತಾಡಿಸಿದ ಕಾಯಿಲೆಯವರ ಮುಖ ಹೆಚ್ಚು ಅರಳಿತ್ತು. 1974ರಲ್ಲಿ ಅದು ಪ್ರಕಟವಾಯಿತು.

ಕೈ ಮುಟ್ಟುವುದನ್ನೂ ಸಂಶೋಧನೆ ಮಾಡಬೇಕಾ ಅಂತ ಕೆಲವರು ಕೇಳುತ್ತಾರೆ. ಮಾಡಬೇಕು. ವಾರ್ಡಿನಲ್ಲಿ ಸಮಯ ಕಡಿಮೆ ಇದ್ದಾಗ ಮೊದಲು ಬಿಟ್ಟುಹೋಗುವುದು ಇಂಥವೇ. "ಅದರಿಂದ ಏನು ಪ್ರಯೋಜನ?" ಅಂತ ಯಾರಾದರೂ ಕೇಳಿದರೆ ಕೈಯಲ್ಲಿ ಪುರಾವೆ ಇರಬೇಕು, ಅಲ್ವಾ?

ಅಲ್ಲಿಂದ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಜೀನ್ ಕ್ವಿಂಟ್ ಬೆನೋಲಿಯಲ್ ಇದ್ದರು. ಅವರೂ ನರ್ಸ್. ಸ್ತನ ತೆಗೆಸಿಕೊಂಡ ಹೆಂಗಸರ ಜೊತೆ 1960ರ ದಶಕದ ಮೊದಲಲ್ಲೇ ಕೂತು ಮಾತಾಡಿದವರು. ಆ ಹೆಂಗಸರಿಗೆ ಹೇಳಿಕೊಳ್ಳುವುದು ಬೇಕಾದಷ್ಟಿತ್ತು, ಕೇಳುವವರು ಇರಲಿಲ್ಲ. ನರ್ಸುಗಳು ಕೂಡ ಆ ಮಾತು ಬಂದರೆ ವಿಷಯ ಬದಲಿಸುತ್ತಿದ್ದರು. ಇದನ್ನು ಬೆನೋಲಿಯಲ್ ಬರೆದಿಟ್ಟರು. ಇಂಥವರ ಜೊತೆ ಕೆಲಸ ಮಾಡಿದ್ದು ಮಕಾರ್ಕಲ್ ಅವರ ಅದೃಷ್ಟ. ಗುರು ಸಿಕ್ಕರೆ ದಾರಿ ಸಿಕ್ಕ ಹಾಗೆ.

1978ರಲ್ಲಿ ಮಕಾರ್ಕಲ್ ಮತ್ತು ಕ್ಯಾಥರೀನ್ ಯಂಗ್ ಸೇರಿ ಒಂದು ಪ್ರಶ್ನೆಪಟ್ಟಿ ಪ್ರಕಟಿಸಿದರು. ಕಾಯಿಲೆಯವರಿಗೆ ಯಾವುದು ಎಷ್ಟು ತೊಂದರೆ ಕೊಡುತ್ತಿದೆ ಅಂತ ಅಳೆಯುವ ಪಟ್ಟಿ. ಮೊದಲು ಹತ್ತು ಪ್ರಶ್ನೆ ಇತ್ತು, ಆಮೇಲೆ ಹದಿಮೂರು ಆಯಿತು. ವಾಕರಿಕೆ ಎಷ್ಟು ಸಲ ಬರುತ್ತದೆ, ಬಂದಾಗ ಎಷ್ಟು ಜೋರು. ನೋವು ಎಷ್ಟು ಸಲ, ಎಷ್ಟು ಜೋರು. ಹಸಿವು, ನಿದ್ದೆ, ಸುಸ್ತು, ಮಲವಿಸರ್ಜನೆ, ಉಸಿರಾಟ, ಕೆಮ್ಮು. ಒಂದು ವಿಷಯದ ಮೇಲೆ ಮನಸ್ಸು ನಿಲ್ಲುತ್ತದಾ? ಕನ್ನಡಿಯಲ್ಲಿ ನೋಡಿಕೊಂಡರೆ ಏನನ್ನಿಸುತ್ತದೆ? ಮುಂದಿನ ದಿನಗಳ ಬಗ್ಗೆ ಮನಸ್ಸಿನಲ್ಲಿ ಏನಿದೆ? ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಉತ್ತರ ಕೊಡುವುದು ಕಾಯಿಲೆಯವರೇ. ಡಾಕ್ಟರ್ ಊಹಿಸಿ ಬರೆಯುವ ಹಾಗಿಲ್ಲ, ನರ್ಸ್ ಊಹಿಸಿ ಬರೆಯುವ ಹಾಗಿಲ್ಲ, ಮನೆಯವರೂ ಬರೆಯುವ ಹಾಗಿಲ್ಲ.

ಈಗ ಇದೆಲ್ಲ ಮಾಮೂಲು ಅನ್ನಿಸಬಹುದು. ಗಡ್ಡೆಯ ಅಳತೆಯನ್ನೇ ಅಳತೆ ಅಂತ ನಂಬಿದ್ದ ಕಾಲ ಅದು. ಸ್ಕ್ಯಾನಿನಲ್ಲಿ ಗಡ್ಡೆ ಎಷ್ಟು ಕುಗ್ಗಿತು, ರಕ್ತದಲ್ಲಿ ಏನು ಬಂತು. ನಿದ್ದೆ ಬರಲಿಲ್ಲ ಅನ್ನುವುದು ಬರೀ ದೂರು. ಆ ದೂರನ್ನು ಅಂಕಿಯಾಗಿ ಚಾರ್ಟಿಗೆ ತಂದವರು ನರ್ಸುಗಳು. ಅಂಕಿ ಆದ ಮೇಲೆ ಅದನ್ನು ಯಾರೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಹೋದ ವಾರ ಸುಸ್ತು 2 ಇತ್ತು, ಈ ವಾರ 4 ಆಗಿದೆ ಅಂದರೆ ಯಾಕೆ ಅಂತ ನೋಡಲೇಬೇಕು.

ಮಕಾರ್ಕಲ್ ಪಟ್ಟಿ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಕಾಯಿಲೆಯವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದು ಅವರ ಮುಂದಿನ ಪ್ರಶ್ನೆ. ಶ್ವಾಸಕೋಶದ ಕ್ಯಾನ್ಸರ್ ಇದ್ದ 166 ಜನರ ಮೇಲೆ ಮಾಡಿದ ಅಧ್ಯಯನ 1989ರಲ್ಲಿ ಬಂತು. ಕೆಲವರ ಮನೆಗೆ ನರ್ಸ್ ಹೋಗುತ್ತಿದ್ದರು, ಇನ್ನು ಕೆಲವರು ಡಾಕ್ಟರ ಹತ್ತಿರ ಬಂದು ತೋರಿಸಿಕೊಂಡು ಹೋಗುತ್ತಿದ್ದರು. ಮನೆಗೆ ನರ್ಸ್ ಬರುತ್ತಿದ್ದವರು ಆರು ವಾರ ಹೆಚ್ಚು ಕಾಲ ತಮ್ಮ ಕೆಲಸ ತಾವು ಮಾಡಿಕೊಂಡು, ಕಡಿಮೆ ಸಂಕಟದಲ್ಲಿ ಇದ್ದರು. ಆರು ವಾರ. ಆ ಹಂತದ ಕಾಯಿಲೆಯಲ್ಲಿ ಆರು ವಾರ ತಾನೇ ಎದ್ದು ಬಚ್ಚಲಿಗೆ ಹೋಗಿ ಬರುವುದು ಎಂಥ ದೊಡ್ಡ ವಿಷಯ ಅಂತ ಆ ಮನೆಯವರನ್ನು ಕೇಳಬೇಕು.

ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಮಾಡಿದ ಕೆಲಸ 2000ದಲ್ಲಿ ಪ್ರಕಟವಾಯಿತು. ನನ್ನ ವಿದ್ಯಾರ್ಥಿಗಳಿಗೆ ನಾನು ಬೋರ್ಡಿನ ಮೇಲೆ ಬರೆದು ತೋರಿಸುವುದು ಇದನ್ನೇ. 60 ದಾಟಿದ, ಕ್ಯಾನ್ಸರಿಗೆ ಆಪರೇಷನ್ ಆದ 375 ಜನ. ಅರ್ಧದಷ್ಟು ಜನರಿಗೆ ಮಾಮೂಲಿ ಆರೈಕೆ. ಉಳಿದವರಿಗೆ ನಾಲ್ಕು ವಾರಗಳಲ್ಲಿ ವಿಶೇಷ ತರಬೇತಿ ಪಡೆದ ನರ್ಸಿನ ಮೂರು ಭೇಟಿ, ಐದು ಫೋನ್ ಕರೆ. ಗಾಯ ನೋಡುವುದು, ನೋವು ಕೇಳುವುದು, ಮನೆಯವರಿಗೆ ಹೇಳಿಕೊಡುವುದು, ಏನಾದರೂ ಕೆಟ್ಟರೆ ತಕ್ಷಣ ಡಾಕ್ಟರಿಗೆ ತಿಳಿಸುವುದು. ಕಾಯಿಲೆ ಮುಂದುವರಿದ ಹಂತದಲ್ಲಿದ್ದವರ ಲೆಕ್ಕ ನೋಡಿದಾಗ, ನರ್ಸಿನ ಆರೈಕೆ ಸಿಕ್ಕವರಲ್ಲಿ ಎರಡು ವರ್ಷದ ಮೇಲೂ ಬದುಕಿದ್ದವರು ಶೇ. 67. ಮಾಮೂಲಿ ಆರೈಕೆಯಲ್ಲಿ ಶೇ. 40.

ಅದೇ ಅಧ್ಯಯನದಲ್ಲಿ ಆರಂಭದ ಹಂತದವರಲ್ಲಿ ಎರಡು ವರ್ಷದ ಲೆಕ್ಕಕ್ಕೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದನ್ನೂ ಅವರು ಅಷ್ಟೇ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಅದನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಒಂದು ಅಧ್ಯಯನ ಹಿಡಿದುಕೊಂಡು ನರ್ಸ್ ಬಂದರೆ ಆಯುಸ್ಸು ಬೆಳೆಯುತ್ತದೆ ಅಂತ ಹೇಳಿಕೊಂಡು ತಿರುಗುವುದು ತಪ್ಪು. ಆದರೆ ಇಂಥ ಅಂಕಿ ಬಂದ ಮೇಲೆ, ಮತ್ತೆ ಕೇಳಿ ನೋಡೋಣ ಅನ್ನದೆ ಇರುವುದೂ ತಪ್ಪೇ.

ಮತ್ತೆ ಕೇಳಿದವರು ಇದ್ದಾರೆ. 2017ರಲ್ಲಿ ಡಾ. ಈತನ್ ಬಾಷ್ ಅವರ ತಂಡದ ಫಲಿತಾಂಶ ಬಂತು. ನ್ಯೂಯಾರ್ಕಿನಲ್ಲಿ 766 ಜನ, ಎಲ್ಲರಿಗೂ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿತ್ತು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ಗುರುತು ಹಾಕುತ್ತಿದ್ದರು. ಯಾವುದಾದರೂ ಜೋರಾದರೆ ಇಮೇಲ್ ಹೋಗುತ್ತಿತ್ತು. ಈ ಗುಂಪಿನವರ ಬದುಕಿನ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 31.2 ತಿಂಗಳು. ಮಾಮೂಲಿ ಆರೈಕೆ ಸಿಕ್ಕ ಇನ್ನೊಂದು ಗುಂಪಿನವರದ್ದು 26 ತಿಂಗಳು. ಸುದ್ದಿಯಲ್ಲಿ ಎಲ್ಲರೂ ಕಂಪ್ಯೂಟರ್ ಬಗ್ಗೆ ಮಾತಾಡಿದರು. ನಾನು ಕೇಳುವುದು ಒಂದೇ. ಆ ಇಮೇಲ್ ಯಾರಿಗೆ ಹೋಗುತ್ತಿತ್ತು? ನರ್ಸಿಗೆ. ಫೋನ್ ಮಾಡಿ ವಿಚಾರಿಸಿದವರು, ಔಷಧಿ ಬದಲಿಸುವುದಕ್ಕೆ ಹೇಳಿದವರು, ಬೇಗ ಬನ್ನಿ ಅಂದವರು ನರ್ಸುಗಳು. ಕಂಪ್ಯೂಟರ್ ಗಂಟೆ ಬಾರಿಸುತ್ತದೆ. ಎದ್ದು ಹೋಗಿ ಬಾಗಿಲು ತೆಗೆಯುವುದಕ್ಕೆ ಒಬ್ಬರು ಬೇಕು.

ಮಾನ್ಯರೇ, ನನ್ನ ವಾರ್ಡಿನ ಕಥೆಗೆ ಮರಳುತ್ತೇನೆ.

ಆ ಹಿರಿಯರ ಬಾಯಿ ನೋಡಿದ ವಾರವೇ ನಾನು ಒಂದು ನೋಟ್‌ಬುಕ್ ತಂದೆ. ಯಾರಿಗೆ ಯಾವ ಔಷಧಿ, ಎಷ್ಟನೇ ದಿನಕ್ಕೆ ಬಾಯಿ ಉರಿ ಶುರು, ಯಾವ ಮೌತ್‌ವಾಶ್ ಬಳಸುತ್ತಿದ್ದಾರೆ, ಎಷ್ಟು ದಿನಕ್ಕೆ ವಾಸಿ. ಡ್ಯೂಟಿ ಮುಗಿದ ಮೇಲೆ, ಹ್ಯಾಂಡೋವರ್ ಕೊಟ್ಟು, ಬಟ್ಟೆ ಬದಲಿಸುವ ಮುಂಚೆ ಬರೆಯುತ್ತಿದ್ದೆ. ಎರಡು ನೋಟ್‌ಬುಕ್ ತುಂಬಿದವು. ನಾವು ಎಲ್ಲರಿಗೂ ಬರೆದುಕೊಡುತ್ತಿದ್ದ ಮೌತ್‌ವಾಶ್ ಕೆಲವರಿಗೆ ಉರಿ ಜಾಸ್ತಿ ಮಾಡುತ್ತಿತ್ತು ಅಂತ ನನಗೆ ಅನ್ನಿಸಿತು. ಉರಿಯುತ್ತದೆ ಅಂತ ಅವರು ಬಾಯಿ ಮುಕ್ಕಳಿಸುವುದನ್ನೇ ಬಿಡುತ್ತಿದ್ದರು. ಇದನ್ನು ಮೀಟಿಂಗಿನಲ್ಲಿ ಹೇಳಿದೆ. "ಸಿಸ್ಟರ್, ನಿಮ್ಮ ಕೆಲಸ ನೀವು ನೋಡಿಕೊಳ್ಳಿ" ಅನ್ನುವ ಉತ್ತರ ಬಂತು. ಗಟ್ಟಿಯಾಗಿಯೂ ಹೇಳಲಿಲ್ಲ. ಫೈಲ್ ಮುಚ್ಚುತ್ತಾ ಹೇಳಿದರು. ಆ ನೋಟ್‌ಬುಕ್‌ಗಳು ಈಗಲೂ ನನ್ನ ಹತ್ತಿರ ಇವೆ.

ಅದೇ ಪ್ರಶ್ನೆಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರ್ಸ್ ಸಂಶೋಧಕಿ ಮೇರಿಲಿನ್ ಡಾಡ್ ಅದಾಗಲೇ ಕೇಳಿ ಮುಗಿಸಿದ್ದರು. ನಾನು ಓದಿದ್ದು ತಡವಾಗಿ. ಕಿಮೊದಿಂದ ಬಾಯಿ ಹುಣ್ಣಾದವರಿಗೆ ಅವರ ತಂಡ ಮೂರು ಬಗೆಯ ಮೌತ್‌ವಾಶ್ ಕೊಟ್ಟು ನೋಡಿತು. ಒಂದು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ. ಇನ್ನೊಂದು ಮರಗಟ್ಟಿಸುವ ಔಷಧಿ ಸೇರಿಸಿ ತಯಾರಿಸಿದ ಮಿಶ್ರಣ. ಮೂರನೆಯದು ನೀರಿಗೆ ಉಪ್ಪು ಮತ್ತು ಅಡುಗೆ ಸೋಡಾ. ಬಾಯಿ ಸ್ವಚ್ಛವಾಗಿಡುವ ಕ್ರಮವನ್ನು ಎಲ್ಲರಿಗೂ ಒಂದೇ ರೀತಿ ಹೇಳಿಕೊಟ್ಟರು. ಫಲಿತಾಂಶ 2000ದಲ್ಲಿ ಬಂತು. ಮೂರರಲ್ಲೂ ಗುಣ ಒಂದೇ. ಹಾಗಾದರೆ ಯಾವುದು ಬಳಸಬೇಕು? ಅಗ್ಗದ್ದು. ಉಪ್ಪು ಸೋಡಾದ ನೀರು.

ಹಣ ಹಂಚುವ ಸಮಿತಿಯವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು ಅಂತ ನನ್ನ ವಿನಂತಿ. ಉಪ್ಪು ನೀರಿನ ಅಧ್ಯಯನಕ್ಕೆ ಯಾವ ಔಷಧಿ ಕಂಪನಿ ಹಣ ಹಾಕುತ್ತದೆ? ಹಾಕುವುದಿಲ್ಲ, ಹಾಕಬೇಕು ಅಂತ ನಿರೀಕ್ಷಿಸುವುದೂ ಸರಿಯಲ್ಲ. ಅದರಲ್ಲಿ ಲಾಭ ಇರುವುದು ಕಾಯಿಲೆಯವರಿಗೆ ಮಾತ್ರ. ಅಂಥ ಪ್ರಶ್ನೆಗಳಿಗೆ ನೀವು ಕೊಡದಿದ್ದರೆ ಇನ್ಯಾರೂ ಕೊಡುವುದಿಲ್ಲ.

ಸುಸ್ತಿನ ಕಥೆಯೂ ಹೀಗೇ. ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಮಲಗಿ ಎದ್ದರೆ ಹೋಗುವಂಥದ್ದಲ್ಲ. ಆದರೂ ಬಹಳ ಕಾಲ "ರೆಸ್ಟ್ ತೆಗೆದುಕೊಳ್ಳಿ" ಅನ್ನುವುದೇ ಎಲ್ಲರ ಸಲಹೆಯಾಗಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು, ನಾನೂ ಹೇಳಿದ್ದೇನೆ. 1980ರ ದಶಕದಲ್ಲಿ ಓಹಾಯೊದಲ್ಲಿ, 1990ರ ದಶಕದಲ್ಲಿ ವಿಕ್ಟೋರಿಯಾ ಮಾಕ್ ಅವರ ತಂಡದಲ್ಲಿ, ನರ್ಸ್ ಸಂಶೋಧಕರು ಉಲ್ಟಾ ಪ್ರಶ್ನೆ ಕೇಳಿದರು. ಚಿಕಿತ್ಸೆ ನಡೆಯುತ್ತಿರುವಾಗಲೇ ಇವರು ನಡೆದಾಡಿದರೆ? ಸ್ತನ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಳ್ಳುತ್ತಿದ್ದ ಹೆಂಗಸರಿಗೆ ಅವರವರ ಶಕ್ತಿಗೆ ತಕ್ಕ ಹಾಗೆ ನಡೆಯುವ ಅಭ್ಯಾಸ ಮಾಡಿಸಿದರು. ನಡೆದವರಿಗೆ ಸುಸ್ತು ಕಡಿಮೆ ಇತ್ತು. ಇವತ್ತು ವ್ಯಾಯಾಮ ಅನ್ನುವುದು ಚಿಕಿತ್ಸೆಯ ಮಾರ್ಗಸೂಚಿಗಳಲ್ಲೇ ಸೇರಿದೆ. ಮೊದಲು ಕೇಳಿದವರು ಯಾರು ಅಂತ ಕೇಳಿದರೆ ಬಹಳ ಜನಕ್ಕೆ ಗೊತ್ತಿಲ್ಲ.

ಉಸಿರು ಕಟ್ಟುವ ಸಂಕಟಕ್ಕೆ ಇಂಗ್ಲೆಂಡಿನಲ್ಲಿ ಜೆಸಿಕಾ ಕಾರ್ನರ್ ಮತ್ತು ಜೊತೆಯವರು ನರ್ಸುಗಳೇ ನಡೆಸುವ ಕ್ಲಿನಿಕ್ ಕಟ್ಟಿದರು. ಉಸಿರಾಟದ ಅಭ್ಯಾಸ, ಮೈ ಸಡಿಲ ಬಿಡುವ ಕ್ರಮ, ಭಯದ ಬಗ್ಗೆ ಮಾತು. ಆರು ಆಸ್ಪತ್ರೆಗಳಲ್ಲಿ 119 ಜನರ ಮೇಲೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಸಂಕಟ ಇಳಿದಿತ್ತು.

ಇವರೆಲ್ಲ ಬೇರೆ ಬೇರೆ ದಾರಿಯಲ್ಲಿ ಬಂದವರು. ಆದರೆ ಒಂದು ವಿಷಯ ಎಲ್ಲರಿಗೂ ಇತ್ತು. ಕಾಯಿಲೆಯವರ ಹಾಸಿಗೆ, ತರಗತಿ, ಸಂಶೋಧನೆ, ಈ ಮೂರೂ ಅವರ ಕೈಯಲ್ಲಿ ಒಟ್ಟಿಗೆ ಇದ್ದವು. ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲದೇ ಇರುವುದು ಇದೇ.

ವಾರ್ಡಿನಲ್ಲಿ ಒಬ್ಬ ಒಳ್ಳೆಯ ನರ್ಸ್ ಇದ್ದಾರೆ ಅಂದುಕೊಳ್ಳಿ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕಿಮೊ ಔಷಧಿ ನರದಿಂದ ಹೊರಗೆ ಜಾರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತದೆ. ಅದು ಜಾರುವ ಮೊದಲೇ ಕಾಯಿಲೆಯವರ ಹುಬ್ಬು ಗಂಟಾದದ್ದು ನೋಡಿ ನಿಲ್ಲಿಸುವಂಥ ಕಣ್ಣು ಅವರಿಗಿದೆ. ಆ ಕಣ್ಣು ಬರುವುದಕ್ಕೆ ವರ್ಷಗಳು ಹಿಡಿಯುತ್ತವೆ. ಅವರಿಗೆ ಬಡ್ತಿ ಬರುತ್ತದೆ. ಬಡ್ತಿ ಅಂದರೆ ಡ್ಯೂಟಿ ಪಟ್ಟಿ ಹಾಕುವುದು, ಸ್ಟೋರ್ ಲೆಕ್ಕ ನೋಡುವುದು. ಅವರು ಪಿಎಚ್‌ಡಿ ಮಾಡಿದರೆ ಕಾಲೇಜಿಗೆ ಹೋಗಬೇಕು. ಕಾಲೇಜಿಗೆ ಹೋದರೆ ವಾರ್ಡಿಗೆ ಬರುವುದು ವಿದ್ಯಾರ್ಥಿಗಳ ಹಾಜರಿ ಹಾಕುವುದಕ್ಕೆ. ಪ್ರಶ್ನೆ ಹುಟ್ಟುವುದು ಹಾಸಿಗೆ ಪಕ್ಕದಲ್ಲಿ. ಉತ್ತರ ಹುಡುಕುವ ವಿದ್ಯೆ ಇರುವುದು ಕಾಲೇಜಿನಲ್ಲಿ. ನಡುವೆ ಬಾಗಿಲೇ ಇಲ್ಲ.

ಇನ್ನೊಂದು ನೋವು ಹೇಳುತ್ತೇನೆ. ಕಿಮೊ ಕೊಡುವ ತರಬೇತಿ ಮುಗಿಸಿ, ಕೈ ಪಳಗಿದ ಹೊತ್ತಿಗೆ ನರ್ಸನ್ನು ಬೇರೆ ವಾರ್ಡಿಗೆ ಹಾಕುತ್ತಾರೆ. ಎಲ್ಲಿ ಜನ ಕಡಿಮೆ ಇದ್ದಾರೋ ಅಲ್ಲಿಗೆ. ನರ್ಸ್ ಅಂದರೆ ನರ್ಸ್ ತಾನೇ ಅನ್ನುವ ಲೆಕ್ಕ. ಡಾಕ್ಟರುಗಳಲ್ಲಿ ಹೀಗೆ ಯಾರೂ ಮಾಡುವುದಿಲ್ಲ. ಕ್ಯಾನ್ಸರ್ ಡಾಕ್ಟರನ್ನು ನಾಳೆಯಿಂದ ಕಣ್ಣಿನ ವಿಭಾಗ ನೋಡಿಕೊಳ್ಳಿ ಅನ್ನುವುದಿಲ್ಲ.

ಹೊಸ ಔಷಧಿಯ ಪ್ರಯೋಗ ನಡೆಯುವಾಗಲೂ ನೋಡಿದ್ದೇನೆ. ಹದಿನೈದು ನಿಮಿಷಕ್ಕೊಮ್ಮೆ ಬಿಪಿ, ಹೇಳಿದ ನಿಮಿಷಕ್ಕೆ ಸರಿಯಾಗಿ ರಕ್ತದ ಸ್ಯಾಂಪಲ್, ರಾತ್ರಿ ಎರಡಕ್ಕೆ ಮತ್ತೆ. ಫಾರಂ ತುಂಬುವವರು ನಾವು, "ಈ ಪ್ರಯೋಗಕ್ಕೆ ಸೇರಲಾ ಬೇಡವಾ ಸಿಸ್ಟರ್" ಅಂತ ಕಾಯಿಲೆಯವರು ಕೇಳುವುದೂ ನಮ್ಮನ್ನೇ. ಲೇಖನ ಅಚ್ಚಾದಾಗ ನಮ್ಮ ಹೆಸರು ಎಲ್ಲೂ ಇರುವುದಿಲ್ಲ. ಹೆಸರಿನ ಆಸೆಗೆ ಇದನ್ನು ಬರೆಯುತ್ತಿಲ್ಲ. ಹೆಸರು ಇಲ್ಲದಿದ್ದರೆ ಮುಂದಿನ ಅನುದಾನಕ್ಕೆ ಅರ್ಜಿ ಹಾಕುವಾಗ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಹತ್ತು ವರ್ಷ ಸಂಶೋಧನೆಯಲ್ಲೇ ಇದ್ದರೂ ಕಾಗದದ ಮೇಲೆ ಅವರು ಹೊಸಬರು.

ನರ್ಸುಗಳ ಸಂಖ್ಯೆ ಖರ್ಚಿನ ವಿಷಯ ಅನ್ನುವವರಿಗೆ ಲಿಂಡಾ ಐಕೆನ್ ಎಂಬ ಇನ್ನೊಬ್ಬ ನರ್ಸ್ ಸಂಶೋಧಕಿ 2002ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಆಪರೇಷನ್ ಆದವರ ದಾಖಲೆ ನೋಡಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ಕಾಯಿಲೆಯವರು ಹೆಚ್ಚಾದ ಹಾಗೆ ಮೂವತ್ತು ದಿನದೊಳಗೆ ಸಾವಿನ ಸಂಭವ ಶೇ. 7ರಷ್ಟು ಏರುತ್ತಿತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಅಧ್ಯಯನದಲ್ಲೂ ಅದೇ ಅಂಕಿ ಬಂತು. ಪದವಿ ಓದಿದ ನರ್ಸುಗಳ ಪ್ರಮಾಣ ಶೇ. 10 ಹೆಚ್ಚಿದ್ದಲ್ಲಿ ಆ ಸಂಭವ ಶೇ. 7 ಕಡಿಮೆ ಇತ್ತು. ಇದಕ್ಕೆ ನಾನು ವಿವರಣೆ ಸೇರಿಸುವುದಿಲ್ಲ.

ಪಾಠದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಲಿಸುವುದನ್ನು ನಾನು ಬಹಳ ಪ್ರೀತಿಯಿಂದ ಮಾಡುತ್ತೇನೆ. ಮಕಾರ್ಕಲ್ 1998ರಿಂದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅಲ್ಲಿ ಅವರು ಕೂತಿದ್ದ ಪ್ರೊಫೆಸರ್ ಪೀಠಕ್ಕೆ ಫ್ಲಾರೆನ್ಸ್ ವಾಲ್ಡ್ ಅವರ ಹೆಸರು. ವಾಲ್ಡ್ ಅದೇ ನರ್ಸಿಂಗ್ ಶಾಲೆಯ ಡೀನ್ ಆಗಿದ್ದವರು, ಆ ಹುದ್ದೆ ಬಿಟ್ಟು ಅಮೆರಿಕಕ್ಕೆ ಹಾಸ್ಪಿಸ್, ಅಂದರೆ ಕೊನೆಗಾಲದಲ್ಲಿರುವವರ ಆರೈಕೆ, ತಂದವರು. ಒಬ್ಬ ನರ್ಸ್ ಹಾಕಿದ ಅಡಿಪಾಯದ ಮೇಲೆ ಇನ್ನೊಬ್ಬ ನರ್ಸ್ ಕೂತು ಮುಂದಿನವರನ್ನು ತಯಾರು ಮಾಡಿದರು. ಬೆಟ್ಟಿ ಫೆರೆಲ್ ಎಂಬ ನರ್ಸ್ ಸಂಶೋಧಕಿಯ ಮುಂದಾಳತ್ವದಲ್ಲಿ 2000ದಲ್ಲಿ ಕೊನೆಗಾಲದ ಆರೈಕೆ ಕಲಿಸುವ ತರಬೇತಿ ಶುರುವಾಯಿತು. ಕಲಿತವರು ಹೋಗಿ ಬೇರೆಯವರಿಗೆ ಕಲಿಸಬೇಕು, ಅದೇ ಅದರ ಕ್ರಮ. ಅದು ಹಾಗೇ ದೇಶದಿಂದ ದೇಶಕ್ಕೆ ಹೋಯಿತು.

ನನ್ನ ತರಗತಿ ಚಿಕ್ಕದು. ಅಲ್ಲಿ ನಾನು ಆ ಹದಿಮೂರು ಪ್ರಶ್ನೆ ಕಲಿಸುತ್ತೇನೆ. ಒಂದು ಸಲ ಎರಡನೇ ವರ್ಷದ ಹುಡುಗಿಯೊಬ್ಬಳು ವಾರ್ಡಿನಿಂದ ಬಂದು, "ಮೇಡಂ, ಅವರು ಎಲ್ಲದಕ್ಕೂ ಒಂದು ಒಂದು ಅಂತಲೇ ಹೇಳಿದ್ರು. ಏನೂ ತೊಂದರೆ ಇಲ್ವಂತೆ" ಅಂದಳು. ಸರಿ ಅಂದೆ. ಅವಳು ಹೋಗಲಿಲ್ಲ. "ಆದರೆ ಮೇಡಂ, ಕನ್ನಡಿ ಪ್ರಶ್ನೆ ಕೇಳಿದಾಗ ಫೋನನ್ನು ತಿರುಗಿಸಿ ಮಗುಚಿ ಇಟ್ಟರು. ಕಪ್ಪಾಗಿರೋ ಸ್ಕ್ರೀನಿನಲ್ಲಿ ಮುಖ ಕಾಣುತ್ತಿತ್ತು ಅನ್ನಿಸುತ್ತೆ." ಮತ್ತೆ ಹೋಗಿ ಕೂತುಕೊಳ್ಳಲಾ ಅಂತ ಅವಳೇ ಕೇಳಿದಳು. ಹೋಗಿ ನಲವತ್ತು ನಿಮಿಷ ಕೂತಳು. ಕೂದಲು ಉದುರಿದ ದಿನದಿಂದ ಆಕೆ ತನ್ನ ಮಗುವಿಗೆ ವಿಡಿಯೊ ಕರೆ ಮಾಡುವುದನ್ನೇ ನಿಲ್ಲಿಸಿದ್ದರು. ಯಾರಿಗೂ ಹೇಳಿರಲಿಲ್ಲ. ಆ ಸಂಜೆ ಹುಡುಗಿ ಪಕ್ಕದಲ್ಲೇ ಕೂತಿರುವಾಗ ತಲೆಗೆ ಬಟ್ಟೆ ಕಟ್ಟಿಕೊಂಡು ಕರೆ ಮಾಡಿದರು.

ಆ ನಲವತ್ತು ನಿಮಿಷಕ್ಕೆ ವಾರ್ಡಿನ ಇನ್‌ಚಾರ್ಜ್ ಹತ್ತಿರ ನಾನು ಉತ್ತರ ಕೊಡಬೇಕಾಯಿತು. ಯಾವ ಕಾಲಂನಲ್ಲಿ ಬರೆಯಲಿ ಅಂತ ಅವರು ಕೇಳಿದರು. ಅವರದ್ದು ತಪ್ಪಲ್ಲ. ಅಂಥ ಕಾಲಂ ಇಲ್ಲವೇ ಇಲ್ಲ.

ಹಾಗಾಗಿ ನಾನು ಕೇಳುವುದು ಆ ಕಾಲಂ. ನರ್ಸಿಗೆ ಹಾಸಿಗೆ ಪಕ್ಕದ ಕೆಲಸ, ಕಲಿಸುವ ಕೆಲಸ, ಸಂಶೋಧನೆ ಮೂರೂ ಸೇರಿದ ಒಂದು ಹುದ್ದೆ ಮಾಡಿ. ಮೊದಲು ಪ್ರತಿ ಕ್ಯಾನ್ಸರ್ ವಿಭಾಗಕ್ಕೆ ಒಂದೇ ಒಂದು ಸಾಕು. ವಾರದಲ್ಲಿ ಒಂದು ದಿನ ಅವರನ್ನು ಡ್ಯೂಟಿ ಪಟ್ಟಿಯಿಂದ ಬಿಡಿ, ಆ ದಿನ ಬೇರೆ ಯಾರೋ ರಜೆ ಹಾಕಿದರು ಅಂತ ಎಳೆದುಕೊಳ್ಳಬೇಡಿ. ಸಂಬಳದಲ್ಲಿ ಅವರು ಕಳೆದುಕೊಳ್ಳುವ ಹಾಗೆ ಆಗಬಾರದು. ಕಿಮೊ ಕಲಿತವರನ್ನು ಕಿಮೊದಲ್ಲೇ ಉಳಿಸಿ. ಲೇಖನದಲ್ಲಿ ಕೆಲಸ ಮಾಡಿದವರ ಹೆಸರು ಹಾಕಿಸಿ. ಕಾಲೇಜಿನ ಪ್ರೊಫೆಸರುಗಳಿಗೆ ವಾರ್ಡಿನಲ್ಲಿ ಕಾಯಿಲೆಯವರನ್ನು ನೋಡುವ ಹಕ್ಕು ಕೊಡಿ, ಅದು ಅವರ ಜವಾಬ್ದಾರಿಯೂ ಆಗಲಿ.

2022ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ ಜನಕ್ಕೆ ಹೊಸದಾಗಿ ಕ್ಯಾನ್ಸರ್ ಬಂತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜು ಮಾಡಿದೆ. 2050ರ ಹೊತ್ತಿಗೆ ಅದು ವರ್ಷಕ್ಕೆ 3.5 ಕೋಟಿ ದಾಟಬಹುದು ಅಂತಲೂ ಹೇಳಿದೆ. ಅಷ್ಟು ಜನಕ್ಕೆ ಔಷಧಿ ತಯಾರಿಸುವವರು ಇದ್ದಾರೆ. ಅಷ್ಟು ಜನರ ಬಾಯಿ ನೋಡುವವರು, ರಾತ್ರಿ ನಿದ್ದೆ ಬಂತಾ ಅಂತ ಕೇಳುವವರು, ಕೇಳಿದ್ದನ್ನು ಬರೆದಿಟ್ಟು ಅದರಿಂದ ಎಲ್ಲರಿಗೂ ಉಪಯೋಗವಾಗುವ ಉತ್ತರ ತೆಗೆಯುವವರು ಬೇಕು. ಅವರು ಒಂದು ದಿನದಲ್ಲಿ ತಯಾರಾಗುವುದಿಲ್ಲ. ಮಕಾರ್ಕಲ್ ಅವರ 1974ರ ಆ ಚಿಕ್ಕ ಅಧ್ಯಯನದಿಂದ 2000ದ ಅಧ್ಯಯನದವರೆಗೆ ಇಪ್ಪತ್ತಾರು ವರ್ಷ ಆಗಿತ್ತು. ಇಂದು ಶುರು ಮಾಡಿದರೂ ನಮಗೆ ಅಷ್ಟು ಕಾಲ ಬೇಕಾಗಬಹುದು.

ಈ ಪತ್ರಕ್ಕೆ ಉತ್ತರ ಬರೆಯುವ ಮುಂಚೆ ಒಂದು ಬೆಳಿಗ್ಗೆ ನಿಮ್ಮದೇ ಆಸ್ಪತ್ರೆಯ ಕಿಮೊ ವಾರ್ಡಿಗೆ ಬನ್ನಿ. ರೌಂಡ್ಸ್ ಮುಗಿದ ಮೇಲೆ, ಡ್ರಿಪ್‌ಗಳೆಲ್ಲ ಶುರುವಾದ ಹೊತ್ತಿಗೆ ಬಂದರೆ ಒಳ್ಳೆಯದು. ಜೊತೆಗೆ ಯಾರನ್ನೂ ಕರೆತರಬೇಡಿ. ಸ್ಟೂಲ್ ಎಳೆದುಕೊಂಡು ಒಬ್ಬರ ಪಕ್ಕ ಕೂತುಕೊಳ್ಳಿ. ಹದಿಮೂರು ಪ್ರಶ್ನೆಯ ಹಾಳೆಯನ್ನು ಅಲ್ಲಿನ ಸಿಸ್ಟರ್ ಕೈಯಿಂದ ಕೇಳಿ ಪಡೆಯಿರಿ. "ಹೇಗಿದ್ದೀರಿ" ಅಂತ ಮಾತ್ರ ಕೇಳಬೇಡಿ. ಮೊದಲನೇ ಪ್ರಶ್ನೆ ವಾಕರಿಕೆಯದ್ದು, ಅಲ್ಲಿಂದ ಶುರು ಮಾಡಿ.

ಇಂತಿ ತಮ್ಮ ವಿಶ್ವಾಸಿ,
ಕಿಮೊಥೆರಪಿ ವಾರ್ಡಿನ ಒಬ್ಬ ನರ್ಸ್, ನರ್ಸಿಂಗ್ ಶಿಕ್ಷಕಿ